ಕಂಬದ ಮೇಲೆ ಜನ ಇರುವಾಗ

ಈ ಶ್ರದ್ಧಾಂಜಲಿ ಸಭೆಯಲ್ಲಿ ಸೇರಿರುವ ಎಲ್ಲರಿಗೂ ನಮಸ್ಕಾರ. ಅಕ್ಕ, ನಿಮಗೆ, ನಿಮ್ಮ ಮಗಳಿಗೆ, ದೂರದಿಂದ ಬಂದಿರುವ ನಿಮ್ಮ ತಮ್ಮನವರಿಗೆ — ಕೈ ಮುಗಿಯುತ್ತೇನೆ. ನಮ್ಮ ಕೇಂದ್ರದ ನಿರ್ದೇಶಕರಿಗೆ, ಇಂಟರ್ನೆಟ್ ಕಂಪನಿಯಿಂದ ಬಂದಿರುವ ಅಧಿಕಾರಿಗಳಿಗೆ, ಅವರ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ಟವರ್ ಕೆಲಸದವರಿಗೆ, ನನ್ನ ಸಹೋದ್ಯೋಗಿಗಳಿಗೆ — ನಮಸ್ಕಾರ.

ನಾನು ಈ ರೇಡಿಯೋ ಕೇಂದ್ರದಲ್ಲಿ ಸುದ್ದಿ ಓದುವವಳು. ಬೇರೆಯವರು ಬರೆದುಕೊಟ್ಟದ್ದನ್ನು ಓದಿ ರೂಢಿ. ಇವತ್ತು ಯಾರೂ ಬರೆದುಕೊಟ್ಟಿಲ್ಲ. ನಡುವೆ ತಡವರಿಸಿದರೆ ಸಹಿಸಿಕೊಳ್ಳಿ.

ಮೇಜಿನ ಮೇಲಿರುವ ಈ ಫೋಟೊ ನೋಡಿ. ಫೋಟೊ ತೆಗೆಸಿಕೊಳ್ಳುವಾಗ ಎಲ್ಲರೂ ಕ್ಯಾಮೆರಾ ನೋಡುತ್ತಾರೆ. ಇವರು ನೋಡುತ್ತಿರುವುದು ಕ್ಯಾಮೆರಾ ಹಿಡಿದವನ ಬೆರಳನ್ನು. ಅಕ್ಕನ ತಮ್ಮ ಈಗತಾನೇ ಹೇಳುತ್ತಿದ್ದರು — "ಭಾವನ ಒಂದು ಫೋಟೊನೂ ನೆಟ್ಟಗೆ ಬಂದಿಲ್ಲ. ಇವನಿಗೆ ಬಟನ್ ಒತ್ತೋಕೆ ಬರುತ್ತೋ ಇಲ್ವೋ ಅಂತ ನೋಡ್ತಾನೇ ಇರೋರು. ನನ್ನ ಮದುವೆ ಫೋಟೊದಲ್ಲೂ ಹಾಗೇ."

ನಮ್ಮ ಕಂಬದಣ್ಣ ಹಾಗೆಯೇ ಇದ್ದರು. ಟ್ರಾನ್ಸ್‌ಮಿಟರ್ ಮತ್ತು ಟವರ್ ಅವರ ಜವಾಬ್ದಾರಿ. ಹೊರಗಿನವರಿಗೆ ಹಿರಿಯ ಇಂಜಿನಿಯರ್. ನಮಗೆ ಕಂಬದಣ್ಣ. ಟವರ್ ಅನ್ನು ಅವರು ಒಮ್ಮೆಯೂ ಟವರ್ ಅಂದದ್ದಿಲ್ಲ, "ಕಂಬ" ಅನ್ನುತ್ತಿದ್ದರು. ಒಳ್ಳೆಯ ಮನುಷ್ಯ, ಆದರೆ ಸುಲಭದ ಮನುಷ್ಯ ಅಲ್ಲ. ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು, ನಿಜ — ಆದರೆ ಅವರನ್ನು ಸಾಧು ಅಂತ ನಾನು ಹೇಳಿದರೆ ಅಕ್ಕನೇ ನಕ್ಕುಬಿಡುತ್ತಾರೆ. ಗಡಿಯಾರವನ್ನು ನಂಬುತ್ತಿರಲಿಲ್ಲ. ಕ್ಯಾಂಟೀನಿನ ಚಹಾ ನಂಬುತ್ತಿರಲಿಲ್ಲ. ನಾನು ಹವಾಮಾನ ಓದಿ ಹೊರಗೆ ಬಂದರೆ ಸ್ಟುಡಿಯೋ ಬಾಗಿಲಲ್ಲೇ ಹಿಡಿಯುತ್ತಿದ್ದರು — "ಮೋಡ ಅಂತ ಓದಿದ್ರಲ್ಲ ಮೇಡಂ, ಕಿಟಕಿ ನೋಡಿ ಓದಿದ್ರೋ, ಕಾಗದ ನೋಡಿ ಓದಿದ್ರೋ?"

ಒಂದು ಮಾತು ಮೊದಲೇ ಸ್ಪಷ್ಟ ಮಾಡಿಬಿಡುತ್ತೇನೆ. ಅವರ ಸಾವಿನ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಹೃದಯ ದುರ್ಬಲವಾಗಿತ್ತು, ಆಸ್ಪತ್ರೆಯವರು ಕೈಲಾದದ್ದೆಲ್ಲ ಮಾಡಿದರು, ಮನೆಯವರೆಲ್ಲ ಹತ್ತಿರವಿದ್ದರು. ನನಗೆ ಅನುಮಾನ ಬಂದದ್ದು ಇಲ್ಲಿ — ಈ ಕೋಣೆಯಲ್ಲಿ — ಸ್ವಲ್ಪ ಹೊತ್ತಿನ ಮುಂಚೆ.

ನನಗಿಂತ ಮೊದಲು ಕಂಪನಿಯ ಅಧಿಕಾರಿಗಳು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಏನು ಹೇಳಿದರು, ನೆನಪು ಮಾಡಿಕೊಳ್ಳಿ. "ಅವರು ನನ್ನ ಜೊತೆ ಫೋನಲ್ಲಿ ಮಾತಾಡಿದಾಗ, ಟವರ್ ತುದೀಲಿ ನಮ್ಮ ಹೊಸ ಉಪಕರಣ ಹಾಕೋಕೆ ಮನಸಾರೆ ಒಪ್ಪಿದ್ರು. ನಾಳೆ ಬೆಳಗ್ಗೆ ಅವರ ನೆನಪಲ್ಲೇ ಕೆಲಸ ಶುರು ಮಾಡ್ತೀವಿ. ರೇಡಿಯೋ ಪ್ರಸಾರಕ್ಕೆ ಒಂದು ಕ್ಷಣವೂ ಅಡ್ಡಿ ಆಗಲ್ಲ." ನೀವು ಚಪ್ಪಾಳೆ ತಟ್ಟಿದಿರಿ. ನಿರ್ದೇಶಕರೂ ತಟ್ಟಿದರು. ನನ್ನ ಕೈ ಮಾತ್ರ ಮಡಿಲಿನಿಂದ ಏಳಲಿಲ್ಲ.

ಯಾಕೆ ಅಂತ ಹೇಳಬೇಕು. ಇಲ್ಲಿರುವ ನೆಂಟರಿಷ್ಟರಿಗೆ, ನೆರೆಹೊರೆಯವರಿಗೆ ನಮ್ಮ ಕಂಬದ ವಿಷಯ ಗೊತ್ತಿರಲಿಕ್ಕಿಲ್ಲ. ನನಗೂ ಗೊತ್ತಿರಲಿಲ್ಲ, ಅವರು ಹೇಳಿಕೊಟ್ಟದ್ದು.

ಸಾಮಾನ್ಯವಾಗಿ ಟವರ್ ಅಂದರೆ ಅದರ ಮೇಲೆಲ್ಲೋ ಒಂದು ಆಂಟೆನಾ ಇರುತ್ತದೆ ಅಂದುಕೊಳ್ಳುತ್ತೇವೆ. ನಮ್ಮದು ಹಳೇ ಕಾಲದ ಮೀಡಿಯಂ ವೇವ್ ಕೇಂದ್ರ. ಇಲ್ಲಿ ಟವರೇ ಆಂಟೆನಾ. ಬುಡದಲ್ಲಿ ಪಿಂಗಾಣಿಯ ದಪ್ಪ ದಿಮ್ಮಿ ಇದೆ, ಅದರ ಮೇಲೆ ಇಡೀ ಕಬ್ಬಿಣ ನಿಂತಿದೆ, ಎಲ್ಲೂ ನೆಲಕ್ಕೆ ತಾಗದ ಹಾಗೆ. ನಾನು ಒಳಗೆ ಸುದ್ದಿ ಓದುತ್ತಿದ್ದರೆ ಹೊರಗೆ ಆ ಕಬ್ಬಿಣದ ತುಂಬ ವಿದ್ಯುತ್ ಇರುತ್ತದೆ. ನೆಲದ ಮೇಲೆ ಕಾಲಿಟ್ಟುಕೊಂಡು ಕಂಬಕ್ಕೆ ಕೈ ಹಚ್ಚಿದರೆ ಸುಟ್ಟುಹೋಗುತ್ತದೆ. ಪ್ರಾಣವೂ ಹೋಗಬಹುದು. ಆದರೆ — ಎರಡೂ ಕಾಲು ಒಟ್ಟಿಗೆ ಎತ್ತಿ, ಹೀಗೆ, ಜಿಗಿದು ಹಿಡಿದುಕೊಂಡರೆ ಏನೂ ಆಗುವುದಿಲ್ಲ. ತಂತಿಯ ಮೇಲೆ ಕೂತ ಕಾಗೆಗೆ ಏನೂ ಆಗುವುದಿಲ್ಲವಲ್ಲ, ಹಾಗೆ. ಇದು ಟವರ್ ಕೆಲಸದವರೆಲ್ಲರಿಗೂ ಗೊತ್ತು. ಕೆಲವು ಕಡೆ ಜಿಗಿದೇ ಹತ್ತುತ್ತಾರಂತೆ, ಪ್ರಸಾರ ನಡೆಯುತ್ತಿದ್ದಾಗಲೇ.

ಕಂಪನಿಯವರು ಮೊದಲ ಸಲ ತಮ್ಮ ಇಂಟರ್ನೆಟ್ ಉಪಕರಣದ ಡಬ್ಬಿಗಳನ್ನು ಕಂಬದ ನಡುಭಾಗಕ್ಕೆ ಹಾಕಲು ಬಂದಾಗ ಕಂಬದಣ್ಣ ಬೇಡವೆಂದೇ ಜಗಳವಾಡಿದರು. ಆಮೇಲೆ ಒಪ್ಪಿದರು. ಸುತ್ತಲಿನ ಶಾಲೆಗೆ, ಆಸ್ಪತ್ರೆಗೆ ಇಂಟರ್ನೆಟ್ ಬೇಕಿತ್ತು, ಇಷ್ಟು ಎತ್ತರದ ಕಬ್ಬಿಣ ಹತ್ತಿರದಲ್ಲಿ ಇನ್ನೊಂದಿರಲಿಲ್ಲ. ಆದರೆ ಅವರದ್ದೇ ಒಂದು ಪದ್ಧತಿ. ಕಂಬದ ಮೇಲೆ ಜನ ಇರುವಾಗ ರೇಡಿಯೋ ಬಂದ್. ಟ್ರಾನ್ಸ್‌ಮಿಟರ್ ಆರಿಸಿ, ಅದರ ಕೀಲಿಕೈಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಕಂಬದ ಬುಡದಲ್ಲಿ ಕುರ್ಚಿ ಹಾಕಿ ಕೂತುಬಿಡುತ್ತಿದ್ದರು. ಕೆಳಗಿಳಿದ ಪ್ರತಿಯೊಬ್ಬನ ಭುಜ ಮುಟ್ಟಿ ನೋಡಿ, ಕೊನೆಯವನು ಬೇಲಿಯ ಆಚೆ ಹೋದ ಮೇಲೆ ಏಳುವುದು. "ಎಲ್ಲಾ ಇಳಿದ್ರು ಸಾರ್" ಅಂತ ಫೋನಿನಲ್ಲಿ ಹೇಳಿದರೆ ನಡೆಯುತ್ತಿರಲಿಲ್ಲ. "ಫೋನಲ್ಲಿ ಇಳಿದವರು ಇನ್ನೂ ಮೇಲೇ ಇರ್ತಾರೆ" ಅನ್ನುತ್ತಿದ್ದರು.

ರೇಡಿಯೋ ಬಂದ್ ಆದರೆ ನನಗೇನು ಕೆಲಸ? ನಾನೂ ಒಂದು ಕುರ್ಚಿ ಎಳೆದುಕೊಂಡು ಹೋಗಿ ಕೂರುತ್ತಿದ್ದೆ. ಒಂದು ಸಲ ಕೇಳಿದೆ — "ಜಿಗಿದು ಹತ್ತಿದ್ರೆ ಏನೂ ಆಗಲ್ಲ ಅಂತೀರಿ. ಮತ್ತೆ ಯಾಕೆ ನಿಲ್ಲಿಸ್ತೀರಿ? ಆಫೀಸಲ್ಲಿ ಫೋನ್ ಮೇಲೆ ಫೋನು, ಹಾಡು ನಿಂತುಹೋಯ್ತು ಅಂತ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಜಿಗಿಯೋನು ಜಿಗೀತಾನೆ ಮೇಡಂ. ಡಬ್ಬಿ ಜಿಗಿಯುತ್ತಾ?"

ಅರ್ಥವಾಗಲಿಲ್ಲ ಅಂದೆ.

"ಮೇಲೆ ಇರೋನಿಗೆ ಕೆಳಗಿರೋನು ಡಬ್ಬಿ ಕೊಡಬೇಕಲ್ಲ? ಇವನು ನೆಲದ ಮೇಲೆ ನಿಂತು ಕೈ ಎತ್ತುತ್ತಾನೆ, ಅವನು ಕಂಬದಿಂದ ಬಗ್ಗಿ ಕೈ ಚಾಚ್ತಾನೆ. ಇಬ್ಬರ ಕೈಯೂ ಡಬ್ಬಿ ಮೇಲೆ. ಆಗ ಅವರು ಇಬ್ಬರಲ್ಲ, ಒಬ್ಬನೇ ಮನುಷ್ಯ — ತಲೆ ಕಂಬದಲ್ಲಿ, ಕಾಲು ನೆಲದಲ್ಲಿ. ಜಿಗಿಯೋದು ಕಲಿತಿರ್ತಾರೆ. ಇದನ್ನ ಮರೀತಾರೆ. ಜಾಣರೇ ಮರೆಯೋದು, ಅವಸರ ಇರುತ್ತಲ್ಲ."

ಅವರ ಅನುಮಾನಗಳೆಲ್ಲ ಸರಿಯಾಗಿರುತ್ತಿದ್ದವು ಅಂತ ನಾನು ಹೇಳುತ್ತಿಲ್ಲ. ಒಮ್ಮೆ ಕಂಪನಿಯವರು ನಮ್ಮ ಕರೆಂಟು ಕದಿಯುತ್ತಿದ್ದಾರೆ ಅಂತ ಒಂದು ವಾರ ತಂತಿ ಹಿಡಿದುಕೊಂಡು ಓಡಾಡಿದರು. ಕೊನೆಗೆ ನೋಡಿದರೆ ನಮ್ಮದೇ ಕ್ಯಾಂಟೀನಿನ ಹಳೇ ಫ್ರಿಜ್ಜು. ಕಂಪನಿಯವರ ಶೆಡ್ಡಿಗೆ ತಾವೇ ಚಹಾ ತೆಗೆದುಕೊಂಡು ಹೋಗಿ, ಎಲ್ಲರಿಗೂ ಕೊಟ್ಟು, ಹೇಳಿದ್ದಿಷ್ಟು — "ಈ ಸಲ ಕಳ್ಳರು ನೀವಲ್ಲ." ಅದು ಅವರ ಕ್ಷಮಾಪಣೆ. "ಈ ಸಲ" ಅನ್ನುವುದನ್ನು ಮಾತ್ರ ಬಿಡಲಿಲ್ಲ.

ಇನ್ನೊಂದು ಸಲ ಕಂಪನಿಯವರೇ ದೂರು ತಂದರು. ನಾನು ಸುದ್ದಿ ಓದುವಾಗಲೆಲ್ಲ ಅವರ ಇಂಟರ್ನೆಟ್ ತಡವರಿಸುತ್ತದಂತೆ. ಮೇಡಂ ಸ್ವಲ್ಪ ಮೆಲ್ಲಗೆ ಓದಬಹುದೇ ಅಂತ ಕೇಳಿದರು, ನಿಜವಾಗಿ ಕೇಳಿದರು. ಕಂಬದಣ್ಣ ಅವರ ಕೇಬಲ್ ಬಿಚ್ಚಿಸಿ ನೋಡಿದರೆ, ಅದಕ್ಕೆ ಇರಬೇಕಾದ ಲೋಹದ ಹೊದಿಕೆಯೇ ಇರಲಿಲ್ಲ, ಪ್ರಸಾರವೆಲ್ಲ ಅದರೊಳಗೆ ನುಗ್ಗುತ್ತಿತ್ತು. "ನಿಮ್ಮ ತಪ್ಪಲ್ಲ ಮೇಡಂ, ಬೆತ್ತಲೆ ಕೇಬಲ್ಲಿಗೆ ನಿಮ್ಮ ದನಿ ತಡ್ಕೊಳ್ಳೋಕಾಗಿಲ್ಲ" ಅಂದರು.

ನಗಬಹುದು. ಅವರಿದ್ದಿದ್ದರೂ ನಗುತ್ತಿದ್ದರು — ಯಾಕೆ ನಗ್ತಿದ್ದಾರೆ ಅಂತ ಒಮ್ಮೆ ಹಿಂದೆ ತಿರುಗಿ ನೋಡಿಕೊಂಡು.

ಅವರು ಕಾಯಿಲೆಯ ರಜೆಯಲ್ಲಿದ್ದ ದಿನಗಳಿಗೆ ಬರುತ್ತೇನೆ. ಒಂದು ಮಧ್ಯಾಹ್ನ ನಾನು ಸ್ಟುಡಿಯೋದಲ್ಲಿ ಕೂತು ಓದುತ್ತಿದ್ದೆ. ಕೆಂಪು ದೀಪ ಉರಿಯುತ್ತಿತ್ತು, ಅಂದರೆ ಪ್ರಸಾರ ನಡೆಯುತ್ತಿತ್ತು. ತಲೆ ಎತ್ತಿದರೆ — ಕಿಟಕಿಯಲ್ಲಿ, ಕಂಬದ ಮೇಲೆ ಜನ. ಓದುತ್ತಿದ್ದ ಸಾಲು ತಪ್ಪಿಹೋಯಿತು. ಮುಗಿಸಿದವಳೇ ಹೋಗಿ ನಿರ್ದೇಶಕರನ್ನು ಕೇಳಿದೆ. "ಪ್ರಸಾರದ ಶಕ್ತಿ ಕಡಿಮೆ ಮಾಡಿದ್ದೇವೆ, ನೀವು ಚಿಂತೆ ಮಾಡಬೇಡಿ" ಅಂದರು. ಎಷ್ಟು ಕಡಿಮೆ ಅಂದೆ. ಸಾಕಾಗುವಷ್ಟು ಅಂದರು. ಆ ವಾರವೇ ಕ್ಯಾಂಟೀನಿನಲ್ಲಿ ಟವರ್ ಕೆಲಸದ ಒಬ್ಬರು ಎಡಗೈಯಲ್ಲಿ ಲೋಟ ಹಿಡಿದಿದ್ದರು. ಬಲಗೈಗೆ ಬ್ಯಾಂಡೇಜು. "ಏನಾಯ್ತಪ್ಪಾ?" ಅಂದೆ. "ಬಿಸಿ ಪಾತ್ರೆ ಮುಟ್ಟಿದೆ ಮೇಡಂ" ಅಂದರು. ಪಕ್ಕದಲ್ಲಿದ್ದವರು ನೆಲ ನೋಡಿದರು.

ದಯವಿಟ್ಟು ಯಾರೂ ಹಿಂದೆ ತಿರುಗಬೇಡಿ. ಅವರು ಯಾರು ಅನ್ನುವುದು ಮುಖ್ಯವಲ್ಲ. ಬಿಸಿ ಪಾತ್ರೆಯೇ ಇದ್ದಿರಬಹುದು. ಅಡುಗೆಮನೆಯಲ್ಲಿ ಕೈ ಸುಟ್ಟುಕೊಳ್ಳುವವರು ಎಷ್ಟು ಜನರಿಲ್ಲ? ನಾನು ಇದನ್ನೆಲ್ಲ ಸೇರಿಸಿ ಕಥೆ ಕಟ್ಟುತ್ತಿದ್ದೇನೆಯೇ ಅಂತ ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕಂಬದಣ್ಣನ ಪಕ್ಕ ಅಷ್ಟು ವರ್ಷ ಕೂತು ಅವರ ಕಣ್ಣು ನನಗೂ ಅಂಟಿಕೊಂಡಿತೇ? ಕಂಪನಿಯ ಅಧಿಕಾರಿಗಳು ನಯವಾಗಿ ಮಾತಾಡುತ್ತಾರೆ, ಅಷ್ಟಕ್ಕೇ ಅವರ ಮೇಲೆ ಸಂಶಯ ಪಡುತ್ತಿದ್ದೇನೆಯೇ? ನಯವಾಗಿ ಮಾತಾಡುವುದು ನನ್ನ ಕಸುಬೂ ಹೌದು.

ಅದಕ್ಕೇ — ನೀವೆಲ್ಲ ನೋಡಿದಿರಿ — ಮಾತಾಡಲು ಎದ್ದು ಇಲ್ಲಿಗೆ ಬರುವ ಮೊದಲು ಅಕ್ಕನ ಹತ್ತಿರ ಬಗ್ಗಿ ಕೇಳಿದೆ. "ಅಕ್ಕಾ, ಅಣ್ಣ ತುದಿಗೆ ಹಾಕೋಕೆ ಒಪ್ಪಿದ್ರಾ? ಫೋನಲ್ಲಿ?" ಇಲ್ಲ ಅನ್ನುತ್ತಾರೆ ಅಂತ ಖಂಡಿತ ನಂಬಿದ್ದೆ.

ಅಕ್ಕ "ಹೂಂ, ಒಪ್ಪಿದ್ರು" ಅಂದರು.

ನನಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಧಿಕಾರಿಗಳೇ, ನಿಮ್ಮನ್ನು ಮನಸ್ಸಿನಲ್ಲೇ ಸುಳ್ಳುಗಾರ ಅಂದುಕೊಂಡಿದ್ದೆ. ಅದು ತಪ್ಪು. ನೀವು ಹೇಳಿದ್ದು ನಿಜ.

ಅಕ್ಕ ಮಾತು ನಿಲ್ಲಿಸಿರಲಿಲ್ಲ. "ಅವರಿಗೆ ಫೋನ್ ಹಿಡ್ಕೊಳ್ಳೋಕೆ ಆಗ್ತಿರಲಿಲ್ಲ, ನಾನೇ ಕಿವಿಗೆ ಹಿಡಿದಿದ್ದೆ. ಹಾಕ್ಕೊಳ್ಳಿ, ನನ್ನ ಮಗಳ ಮನೇಲೂ ನೆಟ್ ಸರಿಯಾಗಿ ಬರಲ್ಲ ಅಂದ್ರು. ಆಮೇಲೆ — ಆದರೆ ಕಂಬದ ಮೇಲೆ ಒಬ್ಬನ ಕೈ ಇದ್ರೂ ರೇಡಿಯೋ ಬಾಯಿ ಮುಚ್ಚಿರಬೇಕು, ಕಡಿಮೆ ಗಿಡಿಮೆ ಎಲ್ಲಾ ಬೇಡ, ಪೂರ್ತಿ ಆರಿಸಿ ಅಂದ್ರು. ಎರಡು ಸಲ ಅಂದ್ರು. ಕೇಳಿಸ್ತಾ ಅಂತ ಬೇರೆ ಕೇಳಿದ್ರು. ನಾನೇ ಬೈದೆ, ಮಲಗ್ರೀ ಸಾಕು ಅಂತ."

ಇದು ಈ ಕೋಣೆಯಲ್ಲಿ ಹೇಳದೆ ಉಳಿದ ಅರ್ಧ. ಮರೆತಿರಬಹುದು. ಸಂತಾಪದ ಮಾತಿನಲ್ಲಿ ಇಂಥದ್ದೆಲ್ಲ ಯಾಕೆ ಅನ್ನಿಸಿರಬಹುದು. ಆದರೆ ಅಧಿಕಾರಿಗಳು ಹೇಳಿದ್ದು "ಒಂದು ಕ್ಷಣವೂ ಅಡ್ಡಿ ಆಗಲ್ಲ" ಅಂತ. ಪ್ರಸಾರಕ್ಕೆ ಒಂದು ಕ್ಷಣವೂ ಅಡ್ಡಿಯಾಗದೆ ತುದಿಗೆ ಡಬ್ಬಿ ಹೋಗುವುದು ಹೇಗೆ? ಒಂದೇ ದಾರಿ. ಹಿಂದಿನ ಸಾಲಿನಲ್ಲಿರುವ ಈ ನಾಲ್ಕಾರು ಜನ ನಾಳೆ ಜಿಗಿಯಬೇಕು. ಅವರಿಗೆ ಕೆಳಗಿನಿಂದ ಯಾರೋ ಕೈ ಎತ್ತಿ ಡಬ್ಬಿ ಕೊಡಬೇಕು.

ಇದನ್ನು ಕೇಳುವ ಜಾಗ ಇದಲ್ಲ ಅಂತ ಗೊತ್ತು. ನಾಡಿದ್ದು ಆಫೀಸಿನಲ್ಲಿ ಕೇಳಬಹುದಿತ್ತು. ನಾಳೆ ಬೆಳಗ್ಗೆ ಅಂದರಲ್ಲ, ಹಾಗಾಗಿ ನಾಡಿದ್ದು ನನಗೆ ಉಳಿದಿಲ್ಲ. ನಿರ್ದೇಶಕರೇ, ಕ್ಷಮಿಸಿ, ಎಲ್ಲರ ಎದುರು ಕೇಳುತ್ತಿದ್ದೇನೆ. ನಾಳೆ ಇವರು ಕಂಬದ ಮೇಲಿರುವಾಗ ಪ್ರಸಾರ ನಿಲ್ಲುತ್ತದೆಯೇ?

—

ತಲೆ ಆಡಿಸಿದಿರಿ. ಹಿಂದೆ ಕೂತವರಿಗೆ ಕಾಣುವುದಿಲ್ಲ. ಬಾಯಿ ಬಿಟ್ಟು ಹೇಳಿ.

—

"ನಿಲ್ಲಿಸ್ತೀವಿ" ಅಂದರು. ಪೂರ್ತಿಯಾಗಿಯೇ, ಅಥವಾ ಶಕ್ತಿ ಕಡಿಮೆ ಮಾಡುವುದಷ್ಟೇ?

—

"ಪೂರ್ತಿ." ಎಲ್ಲರಿಗೂ ಕೇಳಿಸಿತಲ್ಲ? ಅಧಿಕಾರಿಗಳೇ, ನೀವು? ನಿರ್ದೇಶಕರ ಮುಖ ನೋಡಬೇಡಿ. ಅಕ್ಕನ ಮುಖ ನೋಡಿ ಹೇಳಿ.

—

"ಹಾಗೇ ಆಗ್ಲಿ ಅಮ್ಮಾ" ಅಂದರು. ಧನ್ಯವಾದ. ನಿಮ್ಮಿಬ್ಬರಿಗೂ ನಿಜವಾಗಿ ಧನ್ಯವಾದ.

ನನಗೆ ಪೂರ್ತಿ ನಂಬಿಕೆ ಬಂದಿದೆಯೇ? ಬಂದಿಲ್ಲ. ಬರಬೇಕಿತ್ತು, ಬಂದಿಲ್ಲ. ಹಿರಿಯರಿಬ್ಬರು ಇಷ್ಟು ಜನರ ಎದುರು ಮಾತು ಕೊಟ್ಟಿದ್ದಾರೆ, ಆದರೂ ಮನಸ್ಸು ಒಂದು ಹೆಜ್ಜೆ ಹಿಂದೆಯೇ ನಿಂತಿದೆ. ಅದಕ್ಕೆ ನಿಮ್ಮೆಲ್ಲರಲ್ಲಿ ಒಂದು ಕೇಳಿಕೆ. ನಾಳೆ ಬೆಳಗ್ಗೆ ಮನೆಯಲ್ಲಿ, ಅಂಗಡಿಯಲ್ಲಿ, ಎಲ್ಲಿದ್ದರೂ ರೇಡಿಯೋ ಹಾಕಿ, ನಮ್ಮ ಕೇಂದ್ರಕ್ಕೆ ತಿರುಗಿಸಿ. ಕಿಟಕಿಯಿಂದ ಕಂಬದ ಕಡೆ ನೋಡಿ. ಮೇಲೆ ಜನ ಕಂಡರೆ ರೇಡಿಯೋದಲ್ಲಿ ಏನೂ ಕೇಳಿಸಬಾರದು. ಹಾಡು ಕೇಳಿಸಿದರೆ, ಜಾಹೀರಾತು ಕೇಳಿಸಿದರೆ, ನನ್ನದೇ ಧ್ವನಿ ಕೇಳಿಸಿದರೂ — ಎದ್ದು ನಮ್ಮ ಗೇಟಿಗೆ ಬನ್ನಿ. ಒಬ್ಬರೇ ಬರಬೇಡಿ, ಪಕ್ಕದವರನ್ನೂ ಕರೆದುಕೊಂಡು ಬನ್ನಿ.

ಕಂಬದಣ್ಣನಿಗೆ ನಾವು ಮಾಡಬಹುದಾದದ್ದು ಅಷ್ಟೇ ಉಳಿದಿದೆ ಅಂತ ನನಗನ್ನಿಸುತ್ತದೆ.

ಈಗ ಎಲ್ಲರೂ ಎದ್ದು ನಿಲ್ಲೋಣ. ಅಕ್ಕ, ನೀವು ಕೂತಿರಿ, ಮಗಳು ಪಕ್ಕದಲ್ಲಿರಲಿ. ಮೊಬೈಲ್ ಆರಿಸಿ. ಕುರ್ಚಿ ಸದ್ದು ನಿಲ್ಲಲಿ, ಕಾಯೋಣ. ನಾಳೆ ಬೆಳಗ್ಗೆ ನಿಮ್ಮ ರೇಡಿಯೋ ಪೆಟ್ಟಿಗೆಯಿಂದ ಎಂಥ ಮೌನ ಬರಬೇಕೋ, ಅದನ್ನು ಇವತ್ತು ನಾವೇ ಅವರಿಗೆ ಕೊಡೋಣ.