ಮಣ್ಣು ಮುಟ್ಟಲು ಬಗ್ಗಿದ ತಲೆ

ನನ್ನ ಹೆಸರು ಪುಟ್ಟತಾಯಮ್ಮ, ಕೋಂ ಲೇಟ್ ಪೈಲ್ವಾನ್ ತಿಮ್ಮಯ್ಯ, ವಯಸ್ಸು 68 ವರ್ಷ, ವ್ಯವಸಾಯ, ವಾಸ ಗರಡಿ ಬೀದಿ, ಹೊಂಗೆಕೊಪ್ಪಲು ಗ್ರಾಮ, ಸಾಲಿಗ್ರಾಮ ತಾಲ್ಲೂಕು, ಮೈಸೂರು ಜಿಲ್ಲೆ. ಎಸ್.ಎಸ್.ಎಲ್.ಸಿ.ವರೆಗೆ ಓದಿದ್ದೇನೆ. ನಮ್ಮ ಯಜಮಾನರು ಕಟ್ಟಿಸಿದ ಗರಡಿಮನೆ ನಮ್ಮ ಮನೆಯ ಎದುರಿಗೇ ಇದೆ. ಅವರು ತೀರಿಕೊಂಡ ಮೇಲೆ ಅದರ ಯಜಮಾನಿಕೆ ನನ್ನದು. ಅಲ್ಲಿ ಯಾರು ಸಾಮು ಮಾಡಬೇಕು, ಯಾರು ಮಾಡಬಾರದು ಎಂದು ಹೇಳುವವಳು ನಾನು. ಇದನ್ನು ಊರಿನಲ್ಲಿ ಯಾರನ್ನು ಬೇಕಾದರೂ ಕೇಳಬಹುದು. ಠಾಣೆಗೆ ನನ್ನನ್ನು ಯಾರೂ ಕರೆಸಿಲ್ಲ. ನಾನಾಗಿ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ಪೆಟ್ಟು ತಿಂದು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿರುವ ಚೇತನ್‌ಕುಮಾರ್, 24 ವರ್ಷ, ನನ್ನ ಒಬ್ಬನೇ ಮಗ ಶಿವಶಂಕರನ ಮಗ. ಹೊಡೆದವನು ಸುನೀಲ್‌ಕುಮಾರ್, 23 ವರ್ಷ, ನಮ್ಮ ಜಮೀನಿನಲ್ಲಿ ಬಹಳ ಕಾಲದಿಂದ ಕೆಲಸ ಮಾಡುತ್ತಿರುವ ಸೋಮಯ್ಯನ ಮಗ. ಇಬ್ಬರೂ ಒಂದೇ ಶನಿವಾರ ಗರಡಿಗೆ ಸೇರಿದವರು, ಒಬ್ಬರಿಗೊಬ್ಬರು ಸಾಮು ಕೊಟ್ಟು ಬೆಳೆದವರು. ಒಂದೇ ಗರಡಿಯವರನ್ನು ಪಂದ್ಯದಲ್ಲಿ ಜೋಡಿ ಕಟ್ಟುವ ಪದ್ಧತಿ ನಮ್ಮಲ್ಲಿ ಇಲ್ಲ. ಆದ್ದರಿಂದ ಇವರಿಬ್ಬರಲ್ಲಿ ಯಾರು ಹೆಚ್ಚು ಎನ್ನುವ ಪ್ರಶ್ನೆ ಯಾವತ್ತೂ ಬಂದಿರಲಿಲ್ಲ.

ಟಿ.ವಿ.ಯಲ್ಲಿ ಬರುವ ಫಾರಿನ್ ಕುಸ್ತಿಯ ವಿಷಯವನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅದರಲ್ಲಿ ಮೇಸನ್ ಮತ್ತು ಡ್ರೇವನ್ ಎಂಬ ಇಬ್ಬರು ಎಂಟು ವರ್ಷ ಒಂದು ಜೋಡಿಯಾಗಿ ಆಡಿದರು. ಈ ವರ್ಷ ಮೇಸನ್ ಚಾಂಪಿಯನ್ ಬೆಲ್ಟು ಗೆದ್ದು ಜನರ ಕಡೆಗೆ ಎರಡೂ ಕೈ ಎತ್ತಿ ನಿಂತಿದ್ದಾಗ ಡ್ರೇವನ್ ಹಿಂದಿನಿಂದ ಬಂದು ಕಬ್ಬಿಣದ ಚೇರಿನಲ್ಲಿ ಬೆನ್ನಿಗೆ ಹೊಡೆದನು. ಅಂದಿನಿಂದ ನಮ್ಮ ಊರು ಎರಡು ಭಾಗವಾಯಿತು. ಟೀ ಅಂಗಡಿಯ ಬೆಂಚಿನಲ್ಲಿ ಆ ಕಡೆಯವರು ಒಂದು ತುದಿ, ಈ ಕಡೆಯವರು ಒಂದು ತುದಿ. ಡ್ರೇವನ್ ಕಡೆಯವರು, ಎಂಟು ವರ್ಷ ಕೆಳಗೆ ಬಿದ್ದು ಏಟು ತಿಂದವನು ಅವನು, ಹೆಸರು ಮಾತ್ರ ಮೇಸನ್ನದು, ಇನ್ನೆಷ್ಟು ದಿನ ತಡೆದಾನು ಎಂದು ಹೇಳುತ್ತಿದ್ದರು. ಮೇಸನ್ ಕಡೆಯವರು, ಕೇಳಬೇಕಿದ್ದರೆ ಎದುರು ನಿಂತು ಕೇಳಬೇಕಿತ್ತು, ಬೆನ್ನಿಗೆ ಹೊಡೆಯುವವನು ಗಂಡಸೇ ಅಲ್ಲ ಎಂದು ಹೇಳುತ್ತಿದ್ದರು. ನಮ್ಮ ಗರಡಿಯ ಹಳೆಯ ಪೈಲ್ವಾನ್ ಮಂಟಯ್ಯನವರು ಎರಡೂ ಕಡೆಯವರನ್ನು ಬೈದು, "ಮೊದ್ಲೇ ಮಾತಾಡ್ಕಂಡು ಬೀಳೋ ಕುಸ್ತಿಗೆ ನೀವ್ಯಾಕ್ರಲಾ ನಿಜವಾಗ್ಲೂ ಒಡ್ಕತೀರಿ? ಅವ್ರಿಬ್ರೂ ಈಗ ಒಂದೇ ತಟ್ಟೇಲಿ ಉಣ್ತಾ ಕುಂತವ್ರೆ" ಎಂದು ಹೇಳಿದ್ದನ್ನು ನಾನು ಕೇಳಿದ್ದೇನೆ. ಜನರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಬೇಕೆಂದು ಬರೆಯುವವರಿಗೆ ತಿಳಿಸಿದ್ದೇನೆ.

ನಾನು ಯಾರ ಕಡೆ ಎಂದು ಇಲ್ಲಿ ಕೇಳಲಾಯಿತು. ನಾನೂ ಅದನ್ನು ನೋಡಿದ್ದೇನೆ. ನಾನು ಮೇಸನ್ ಕಡೆ. ಉಂಡ ಮನೆಗೆ ಎರಡು ಬಗೆದವನನ್ನು ನಾನು ಮೆಚ್ಚುವವಳಲ್ಲ. ಮುಂದೆ ನಾನು ಹೇಳುವುದನ್ನು ತೂಗುವಾಗ ಇದನ್ನೂ ತಕ್ಕಡಿಗೆ ಹಾಕಿಕೊಳ್ಳಬಹುದು.

ಸೆಪ್ಟೆಂಬರ್ ತಿಂಗಳಲ್ಲಿ ಸಾಲಿಗ್ರಾಮದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಕಿರಣ್‌ಕುಮಾರ್ ಎಂಬಾತನು ಆ ಕಥೆಯನ್ನೇ ನಮ್ಮ ಹುಡುಗರಿಂದ ಮಾಡಿಸಿ ಫೋನಿಗೆ ಹಾಕಲು ಶುರು ಮಾಡಿದನು. ಚೇತನ್ ಮೇಸನ್ ಆದನು. ಸುನೀಲ ಡ್ರೇವನ್ ಆದನು. ಯಾರು ಯಾರಾಗಬೇಕೆಂದು ತೀರ್ಮಾನಿಸಿದವನು ಚೇತನ್. ಬಸ್ ನಿಲ್ದಾಣದ ಹಿಂದಿನ ಬಯಲಿನಲ್ಲಿ ಸುನೀಲ ಪ್ಲಾಸ್ಟಿಕ್ ಚೇರಿನಲ್ಲಿ ಚೇತನನ ಬೆನ್ನಿಗೆ ಹೊಡೆದನು. ಇಬ್ಬರೂ ನಮ್ಮ ಜಗಲಿಗೆ ಬಂದು ಅದನ್ನು ನನಗೆ ತೋರಿಸಿ ನಕ್ಕರು. ನಾನೂ ನಕ್ಕೆನು.

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯಿಂದಲೂ ಜನರು ಅದನ್ನು ನೋಡಿ ತಮ್ಮ ಅಭಿಪ್ರಾಯ ಬರೆದರು. ಕಥೆ ಎಂಬುದನ್ನು ಮರೆತು ಬರೆದರು. ಕೂಲಿಯವನ ಮಗನನ್ನು ಗರಡಿಗೆ ಬಿಟ್ಟುಕೊಂಡರೆ ಹೀಗೇ ಆಗುವುದು ಎಂದು ಬರೆದವರು ಇದ್ದರು. ಸುನೀಲನ ತಾಯಿಗೆ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ಒಬ್ಬಳು, "ಏನವ್ವಾ, ನಿನ್ ಮಗ ಅನ್ನ ಆಕ್ದೋರ ಬೆನ್ಗೇ ಒಡದ್ನಂತೆ" ಎಂದಳಂತೆ. ಸಾಲಿಗ್ರಾಮದ ಒಂದು ಹೋಟೆಲಿನಲ್ಲಿ ಅವನು ಕುಳಿತ ಮೇಜಿನಿಂದ ಇಬ್ಬರು ಎದ್ದು ಹೋದರಂತೆ. ಅದೇ ಜನರು ಚೇತನನಿಗೆ, ಪ್ಲಾಸ್ಟಿಕ್ ಚೇರು ಡೂಪು, ತಿಮ್ಮಯ್ಯ ಪೈಲ್ವಾನರ ಮೊಮ್ಮಗನಿಗೆ ಕಬ್ಬಿಣ ಕಂಡರೆ ಭಯ ಎಂದು ಬರೆದರು. ಸುನೀಲನಿಗೆ ನೋವಾದದ್ದು ಆ ಮಾತಿನಿಂದ, ಚೇತನ್ ಕೆಟ್ಟದ್ದು ಈ ಮಾತಿನಿಂದ.

ದಿನಾಂಕ 08.11.2025ರ ಶನಿವಾರ ಗರಡಿಯ ಪೂಜೆ ಮುಗಿದ ಮೇಲೆ ಸುನೀಲ ನಮ್ಮ ಜಗಲಿಯ ಕೆಳಗೆ ನಿಂತು, ಇದನ್ನು ಇಲ್ಲಿಗೇ ನಿಲ್ಲಿಸೋಣ, ಡ್ರೇವನ್ ತಪ್ಪೊಪ್ಪಿಕೊಂಡು ಕಾಲಿಗೆ ಬಿದ್ದ ಹಾಗೆ ಒಂದು ವಿಡಿಯೋ ಮಾಡಿ ಮುಗಿಸೋಣ ಎಂದು ಚೇತನನನ್ನು ಕೇಳಿಕೊಂಡನು. ಚೇತನ್ ಅದಕ್ಕೆ, "ಇನ್ನೊಂದೇ ಒಂದು ಕಣ್ಲಾ. ಈ ಸಲ ಕಬ್ಬಿಣದ್ದು. ನಮ್ ಅಖಾಡದಲ್ಲೇ ಮಾಡವ. ಬಾಯ್ ಮುಚ್ಕಬೇಕು ಎಲ್ರೂ" ಎಂದನು. ಸುನೀಲ, "ಬ್ಯಾಡ ಕಣಣ್ಣ, ಕಬ್ಬಿಣ ಬ್ಯಾಡ" ಎಂದನು. ಚೇತನ್ ತನ್ನ ಬೆನ್ನು ತಟ್ಟಿಕೊಂಡು, "ಈ ಬೆನ್ನು ನಿಂಗೊತ್ತಿಲ್ವೇನ್ಲಾ? ಸರ್ಯಾಗಿ ಬೆನ್ ಮಧ್ಯಕ್ಕೆ ಬುಡು, ನಾನ್ ತಡ್ಕತೀನಿ" ಎಂದನು. ಇದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ.

ಮರುದಿನ ಭಾನುವಾರ ಸಂಜೆ ಸುಮಾರು ನಾಲ್ಕೂವರೆ ಗಂಟೆಗೆ ನಾನು ಜಗಲಿಯ ಮೇಲೆ ಕುಳಿತು ಹುರುಳಿ ಹಸನು ಮಾಡುತ್ತಿದ್ದೆನು. ಅಖಾಡ ಗರಡಿಯ ಮುಂದಿನ ಅಂಗಳದಲ್ಲಿದೆ, ನಮ್ಮ ಜಗಲಿಯಿಂದ ಇಪ್ಪತ್ತು ಅಡಿ. ಮಧ್ಯೆ ಬೀದಿ ಬಿಟ್ಟರೆ ಮತ್ತೇನೂ ಅಡ್ಡವಿಲ್ಲ. ಐವತ್ತು ಅರವತ್ತು ಜನರು ಸೇರಿದ್ದರು, ಅರ್ಧದಷ್ಟು ಜನರ ಮುಖ ನನಗೆ ಗೊತ್ತಿಲ್ಲದ್ದು. ಶಾಮಿಯಾನದವರ ಮನೆಯಿಂದ ಮಡಚುವ ಕಬ್ಬಿಣದ ಚೇರನ್ನು ತಂದವನು ಚೇತನ್. ಸುನೀಲನ ಕೈಗೆ ಕೊಟ್ಟವನೂ ಅವನೇ. ನಾನು ಕುಳಿತಲ್ಲಿಂದಲೇ, ಮಣ್ಣಿಗೆ ಯಾರೂ ಚಪ್ಪಲಿ ಹಾಕಿಕೊಂಡು ಇಳಿಯಕೂಡದು ಎಂದು ಕೂಗಿ ಹೇಳಿದೆನು. ಚೇತನ್, "ಆಯ್ತು ಕಣಜ್ಜಿ" ಎಂದು ಚಪ್ಪಲಿ ಬಿಟ್ಟನು.

ಅವರು ಮಾತಾಡಿಕೊಂಡಿದ್ದು ಹೀಗೆ. ಚೇತನ್ ಅಖಾಡದ ಒಳಕ್ಕೆ ಒಂದು ಹೆಜ್ಜೆ ಇಟ್ಟು, ಜನರ ಕಡೆಗೆ ಎರಡೂ ಕೈ ಎತ್ತಿ, ಮೇಸನ್ ನಿಂತ ಹಾಗೆ ನೆಟ್ಟಗೆ ನಿಲ್ಲಬೇಕು. ಸುನೀಲ ಹಿಂದಿನಿಂದ ಓಡಿ ಬಂದು ಬೆನ್ನಿಗೆ ಹೊಡೆಯಬೇಕು. ಕಿರಣ್‌ಕುಮಾರನು ಸುನೀಲನ ಹಿಂದೆ ಫೋನು ಹಿಡಿದು ನಿಂತಿದ್ದನು. ಚೇತನನ ಮುಖ ನನ್ನ ಕಡೆಗಿತ್ತು. ಜಗಲಿ ಎತ್ತರವಾದ್ದರಿಂದ ಜನರ ತಲೆಯ ಮೇಲಿಂದ ನನಗೆ ಅಖಾಡ ಪೂರ್ತಿ ಕಾಣುತ್ತಿತ್ತು.

ನಮ್ಮ ಗರಡಿಯಲ್ಲಿ ಮಣ್ಣಿಗೆ ಕಾಲಿಡುವವನು ಮೊದಲು ಬಗ್ಗಿ, ಬಲಗೈಯಿಂದ ಮಣ್ಣು ಮುಟ್ಟಿ, ಹಣೆಗೆ ಒತ್ತಿಕೊಳ್ಳಬೇಕು. ಚೇತನ್ ಆರು ವರ್ಷದವನಿದ್ದಾಗ ಒಂದು ಸಲ ಮರೆತು ಅವರ ತಾತನಿಂದ ಬೆತ್ತದ ಏಟು ತಿಂದಿದ್ದನು. ಆಮೇಲೆ ಮರೆತದ್ದನ್ನು ನಾನು ಕಾಣೆ. ಅವನಿಗೆ ಅದನ್ನು ನೆನಪಿಟ್ಟುಕೊಳ್ಳಬೇಕಾಗಿಯೂ ಇಲ್ಲ, ಕಾಲಿಗೆ ಮಣ್ಣು ಸೋಕಿದರೆ ಮೈ ತಾನಾಗಿ ಬಗ್ಗುತ್ತದೆ. ಹಿಂದಿನ ಸಲ ಆಡಿದ್ದು ಬಯಲಿನಲ್ಲಿ. ಅಲ್ಲಿ ಮುಟ್ಟುವ ಮಣ್ಣು ಇರಲಿಲ್ಲ. ಈ ವ್ಯತ್ಯಾಸ ಅವನ ತಲೆಗೂ ಹೊಳೆಯಲಿಲ್ಲ, ಸುನೀಲನ ತಲೆಗೂ ಹೊಳೆಯಲಿಲ್ಲ. ಸತ್ಯ ಹೇಳಬೇಕೆಂದರೆ ಜಗಲಿಯ ಮೇಲಿದ್ದ ನನಗೂ ಹೊಳೆಯಲಿಲ್ಲ.

ಚೇತನ್ ಬಲಗಾಲು ಮಣ್ಣಿಗಿಟ್ಟನು. ಎಡಗಾಲು ಬರುವ ಮುಂಚೆ ಬಗ್ಗಿದನು. ಸುನೀಲ ಆಗಲೇ ಓಡಿ ಬಂದು ಚೇರು ಬೀಸಿಯಾಗಿತ್ತು. ಬೆನ್ನು ಇರಬೇಕಾದ ಜಾಗದಲ್ಲಿ ತಲೆ ಇತ್ತು. ಚೇತನನ ಕೈ ಹಣೆಯ ಮೇಲಿದ್ದಾಗ ಏಟು ಬಿತ್ತು. ಚೇರನ್ನು ತಡೆಯಲು ಸುನೀಲ ಮೈಯನ್ನು ಎಡಕ್ಕೆ ತಿರುಗಿಸಿದ್ದನ್ನು ನಾನು ಕಂಡೆನು. ಬೀಸಿದ ಕಬ್ಬಿಣ ನಿಲ್ಲಲಿಲ್ಲ.

ಜನರು ಚಪ್ಪಾಳೆ ಹೊಡೆದರು, ಶಿಳ್ಳೆ ಹಾಕಿದರು. ಸುನೀಲ ಚೇರು ಎಸೆದು, "ಅಣ್ಣಾ, ಅಣ್ಣಾ" ಎಂದು ಮಣ್ಣಿನಲ್ಲಿ ಮಂಡಿಯೂರಿದನು. ಅದನ್ನೂ ನಟನೆ ಎಂದುಕೊಂಡರು. ಒಬ್ಬನು, "ಏನ್ ಆಕ್ಟಿಂಗ್ಲಾ ಇವನ್ದು!" ಎಂದು ಕೂಗಿದನು. ಆಮೇಲೆ ಟಿ.ವಿ.ಯಲ್ಲಿ ಬಿದ್ದವನಿಗೆ ಎಣಿಸುತ್ತಾರಲ್ಲ, ಹಾಗೆ ಎಲ್ಲರೂ ಸೇರಿ, "ಒಂದು, ಎರಡು, ಮೂರು" ಎಂದು ಎಣಿಸಲು ಶುರು ಮಾಡಿದರು. ನನ್ನ ಮೊಮ್ಮಗ ಬಿದ್ದಿದ್ದಾನೆ, ಊರು ಎಣಿಸುತ್ತಿದೆ. ಹತ್ತಾದ ಮೇಲೆ ಮತ್ತೆ ಒಂದರಿಂದ ಶುರು ಮಾಡಿದರು.

ಅಖಾಡದ ಮಣ್ಣನ್ನು ಹೆಂಗಸರು ತುಳಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ಮದುವೆಯಾಗಿ ಆ ಬೀದಿಗೆ ಬಂದಂದಿನಿಂದ ನಾನು ಅದಕ್ಕೆ ಕಾಲಿಟ್ಟವಳಲ್ಲ. ಅಂದು ಇಟ್ಟೆನು. ನನ್ನನ್ನು ಮಣ್ಣಿನಲ್ಲಿ ಕಂಡ ಮೇಲೆ ಎಣಿಕೆ ನಿಂತಿತು.

ಚೇತನನನ್ನು ತಿರುಗಿಸಿ ಮಲಗಿಸಿದೆವು. ಅವನ ಹಣೆಯ ನಡುವೆ ಕೆಂಪು ಮಣ್ಣಿನ ಗುರುತು ಇತ್ತು, ನಾಲ್ಕು ಬೆರಳು ಒತ್ತಿದ ಗುರುತು. ಬಲಗೈ ಮುಷ್ಟಿಯಲ್ಲಿ ಮಣ್ಣು ಹಾಗೇ ಇತ್ತು. ಕೆ.ಆರ್. ನಗರದ ಆಸ್ಪತ್ರೆಗೆ ಕಾರಿನಲ್ಲಿ ಹೋಗುವವರೆಗೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದವನು ಸುನೀಲ. ಅಲ್ಲಿ ನನ್ನ ಮಗ ಶಿವಶಂಕರ ಬಂದು ಅವನನ್ನು ಎಲ್ಲರೆದುರು ಹೊಡೆದು ಓಡಿಸಿದನು. ಸುನೀಲ ತಲೆಮರೆಸಿಕೊಂಡ ಎಂದು ನನ್ನ ಮಗನ ದೂರಿನಲ್ಲಿ ಬರೆದಿರುವುದು ಇದನ್ನೇ. ಅಂದೇ ಚೇತನನನ್ನು ಮೈಸೂರಿಗೆ ಸಾಗಿಸಿ ತಲೆಗೆ ಆಪರೇಷನ್ ಮಾಡಿದರು. ನಿನ್ನೆ ಮಧ್ಯಾಹ್ನ ಕಣ್ಣು ಬಿಟ್ಟಿದ್ದಾನೆ. ಮಾತು ಬಂದಿಲ್ಲ. ಬರುತ್ತದೆಯೋ ಇಲ್ಲವೋ ಈಗಲೇ ಹೇಳಲಾಗದು ಎಂದು ಡಾಕ್ಟರು ಹೇಳಿರುತ್ತಾರೆ.

ಸುನೀಲ ಹಳೆಯ ದ್ವೇಷದಿಂದ, ಕೊಲ್ಲಬೇಕೆಂದೇ ತಲೆಗೆ ಹೊಡೆದನು ಎಂದು ನನ್ನ ಮಗ ದೂರು ಕೊಟ್ಟಿದ್ದಾನೆ. ಅದಕ್ಕೆ ಆ ವಿಡಿಯೋವನ್ನೂ ಒಪ್ಪಿಸಿದ್ದಾನೆ. ಅದನ್ನು ನಾನು ನೋಡಿದ್ದೇನೆ. ಅದರಲ್ಲಿ ಸುನೀಲನ ಬೆನ್ನು ಅಡ್ಡ ಬಂದು ಚೇತನ್ ಬಗ್ಗಿದ್ದು ಕಾಣುವುದಿಲ್ಲ. ಚೇರು ಮೇಲೆ ಹೋಗುವುದು, ಕೆಳಗೆ ಬರುವುದು ಮಾತ್ರ ಕಾಣುತ್ತದೆ. ಅದರ ಕೆಳಗೆ ಇವತ್ತಿಗೂ ಜನರು ಅಭಿಪ್ರಾಯ ಬರೆಯುತ್ತಿದ್ದಾರೆ. ಡ್ರೇವನ್‌ನನ್ನು ನೇಣಿಗೆ ಹಾಕಿ ಎಂದು ಕೆಲವರು. ಸೂಪರ್, ಮುಂದಿನದು ಯಾವಾಗ ಎಂದು ಕೆಲವರು.

ನಿನ್ನೆ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಶಿವಶಂಕರ ನನಗೆ, "ಅವ್ವ, ಪೊಲೀಸ್ನೋರು ಕೇಳುದ್ರೆ ಒಳ್ಗಿದ್ದೆ, ಏನೂ ನೋಡ್ನಿಲ್ಲ ಅನ್ನು" ಎಂದನು. ನಾನು ಜಗಲಿಯ ಮೇಲಿದ್ದುದನ್ನು ಅರವತ್ತು ಜನರು ನೋಡಿದ್ದಾರೆ ಎಂದೆನು. ಅವನು, "ನಿನ್ ಮೊಮ್ಮಗ ಎಚ್ಚೋ, ಆಳಿನ್ ಮಗ ಎಚ್ಚೋ?" ಎಂದು ಕೇಳಿದನು. ಮೊಮ್ಮಗ ಹೆಚ್ಚು. ಅವನು ಮಣ್ಣಿಗೆ ಬಗ್ಗಿದ ತಲೆಗೆ ಏಟು ತಿಂದ ಎಂದು ಹೇಳಿದರೆ ಅವನ ಮರ್ಯಾದೆ ಉಳಿಯುತ್ತದೆ. ಯಾರದೋ ದ್ವೇಷಕ್ಕೆ ತಿಂದ ಎಂದು ಹೇಳಿದರೆ ಅವನು ಬಗ್ಗಿದ್ದೇ ಸುಳ್ಳಾಗುತ್ತದೆ. ಇದನ್ನು ನನ್ನ ಮಗನಿಗೂ ಹೇಳಿದ್ದೇನೆ.

ಸುನೀಲನ ತಪ್ಪು ಇಲ್ಲವೆಂದು ನಾನು ಹೇಳುತ್ತಿಲ್ಲ. ಬೇಡವೆಂದ ಬಾಯಿ ಅವನದು, ಬೀಸಿದ ಕೈಯೂ ಅವನದೇ. ಅದಕ್ಕೆ ಕಾನೂನಿನಲ್ಲಿ ಏನಿದೆಯೋ ಅದಾಗಲಿ. ಕೊಲ್ಲಲು ಹೊಡೆದ ಎಂಬುದು ಮಾತ್ರ ಸುಳ್ಳು.

ಇಂದು ಬೆಳಿಗ್ಗೆ ಪಿರಿಯಾಪಟ್ಟಣದ ಹತ್ತಿರ ಅವನ ಸೋದರಮಾವನ ಮನೆಗೆ ಆಟೋ ಮಾಡಿಕೊಂಡು ಹೋಗಿ ಸುನೀಲನನ್ನು ನಾನೇ ಕರೆದುಕೊಂಡು ಬಂದೆನು. ಅವನು ನನ್ನ ಮುಖ ನೋಡದೆ, "ಅಮ್ಮಾವ್ರೆ, ನನ್ ಕೈ ಕತ್ತರಿಸಾಕ್ಬುಡಿ" ಎಂದನು. ಆ ಕೈಗೆ ಬೇರೆ ಕೆಲಸವಿದೆ ಎಂದು ಹೇಳಿದೆನು.

ನೇರವಾಗಿ ಠಾಣೆಗೆ ಬರಲಿಲ್ಲ. ಮೊದಲು ಗರಡಿ ಬೀದಿಗೆ ಹೋದೆವು. ಶನಿವಾರ ಶನಿವಾರ ಅಖಾಡದ ಮಣ್ಣು ತಿರುವುವವನ ಹತ್ತಿರ ಗರಡಿಯ ಬೀಗದ ಕೈ ಇರುತ್ತದೆ. ಅದು ಚೇತನನ ಹತ್ತಿರ ಇತ್ತು, ಅವನ ಪ್ಯಾಂಟಿನ ಜೇಬಿನಿಂದ ಆಸ್ಪತ್ರೆಯವರು ತೆಗೆದುಕೊಟ್ಟಿದ್ದರು. ನನ್ನ ಸೊಂಟದಲ್ಲಿದ್ದ ಇನ್ನೊಂದನ್ನೂ ಅದರ ಜೊತೆಗೆ ಸೇರಿಸಿ, ಬೀದಿಯವರೆಲ್ಲ ನೋಡುತ್ತಿರುವಾಗ ಎರಡನ್ನೂ ಸುನೀಲನ ಕೈಗೆ ಕೊಟ್ಟೆನು. ಮಂಟಯ್ಯನವರು ಸಾಕ್ಷಿಯಾಗಿ ನಿಂತರು. ಸುನೀಲ ಅಖಾಡದ ಅಂಚಿನಲ್ಲಿ ಬಗ್ಗಿ ಮಣ್ಣು ಮುಟ್ಟಿ, ರಕ್ತ ಬಿದ್ದ ಜಾಗವನ್ನು ಹಾರೆಯಿಂದ ತಿರುವಿ, ಒಳಗೆ ದೀಪ ಹಚ್ಚಿ, ಬೀಗ ಹಾಕಿದನು. ಚೇತನ್ ಎದ್ದು ಬಂದು ಅವನ ಕೈಯಿಂದಲೇ ಬೀಗದ ಕೈ ಇಸಿದುಕೊಳ್ಳುವವರೆಗೆ ಗರಡಿ ಸುನೀಲನದು. ಆಮೇಲೆ ಇಲ್ಲಿಗೆ ಬಂದೆವು. ಅವನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾನೆ, ಎರಡೂ ಬೀಗದ ಕೈ ಅವನ ಜೇಬಿನಲ್ಲಿವೆ. ಮೂರನೆಯದು ಇಲ್ಲ.

ಬರೆದದ್ದನ್ನು ಕನ್ನಡಕ ಹಾಕಿಕೊಂಡು ನಾನೇ ಓದಿದ್ದೇನೆ. ಒಂದು ಕಡೆ ಸುನೀಲನ ಹೆಸರಿನ ಹಿಂದೆ "ಆರೋಪಿ" ಎಂದು ಬರೆದಿದ್ದನ್ನು, ಅದು ನಾನು ಆಡಿದ ಮಾತಲ್ಲವಾದ್ದರಿಂದ, ಹೊಡೆಸಿದ್ದೇನೆ. ಉಳಿದದ್ದು ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಯಾರ ಮುಂದೆ ಬೇಕಾದರೂ ಇದನ್ನೇ ಹೇಳುತ್ತೇನೆ.

ಸ್ಥಳ: ಸಾಲಿಗ್ರಾಮ
ದಿನಾಂಕ: 12.11.2025

(ಸಹಿ)
ಪುಟ್ಟತಾಯಮ್ಮ
ಕೋಂ ಲೇಟ್ ಪೈಲ್ವಾನ್ ತಿಮ್ಮಯ್ಯ