ಆರ್ಡರ್ ಕೂಗೋಳು

...ಬೇಡ ಬೇಡ, ಬಾಯಿ ತೆಗೀಬೇಡ. ತಲೆ ಆಡಿಸಿದ್ರೆ ಸಾಕು. ಡಾಕ್ಟ್ರು ಹದಿನೈದು ದಿನ ಮಾತು ಬೇಡ ಅಂದ್ರೆ ಬೇಡ, ಪಿಸುಗುಡೋದೂ ಇಲ್ಲ. ಗಂಟಲೊಳಗೆ ಕತ್ತಿ ಆಡಿಸಿದ ಜಾಗ ಅದು. ನೀನು ಬಟ್ಟೆ ಮಡಚ್ತಾ ಇರು. ಗಂಡ ಹೆಂಡತಿ ಇಬ್ಬರ ಪಾಲಿನ ಮಾತೂ ಇವತ್ತು ನಾನೇ ಆಡ್ತೀನಿ.

ಏನು ಹೇಳ್ತಿದ್ದೆ? ಹಾಂ, ಅಂಗಡೀಲಿ ಹೊಸದಾಗಿ ಹಾಕಿರೋ ಆ ಟೀವಿ ಪರದೆ. ಕಾಫಿ ಮಷಿನ್ನಿನ ಮೇಲೆ, ಸರಿಯಾಗಿ ನನ್ನ ಹಣೆಗೆ ತಾಗೋ ಹಾಗೆ ನೇತುಹಾಕಿದ್ದಾರೆ. ಅಂಗಡೀಲಿ ನಾಲ್ಕು ಕುರ್ಚಿಗೆ ಕಾಲು ನೆಟ್ಟಗಿಲ್ಲ, ಪರದೆ ಮಾತ್ರ ಬಾಗಿಲಷ್ಟಿದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ನಗಬೇಡ, ನಗೋದೂ ಗಂಟಲಿಗೆ ಒಳ್ಳೇದಲ್ಲ... ನಗ್ತಿಲ್ವಾ? ಸರಿ. ನಗ್ತಿದ್ದೀಯ ಅಂದ್ಕೊಂಡೆ.

ಗಿರಾಕಿ ಈಗ ಫೋನಲ್ಲೇ ಆರ್ಡರ್ ಒತ್ತುತ್ತಾನೆ. ನನ್ನ ತಲೆ ಮೇಲೆ ಟಿಂಗ್ ಅಂತ ಒಂದು ಚೌಕ ಬೀಳುತ್ತೆ. ಒಂದು ಕ್ಯಾಪುಚಿನೋ, ಸಕ್ಕರೆ ಬೇಡ. ಮೂರು ನಿಮಿಷ ಆದ್ರೆ ಚೌಕ ಹಳದಿ, ಐದಾದ್ರೆ ಕೆಂಪು. ಮಾಡಿ ಮುಗಿಸಿ ಗುಂಡಿ ಒತ್ತಿದ್ರೆ ಮಾಯ. ಇವತ್ತು ಬೆಳಿಗ್ಗೆ ಎಂಟಕ್ಕೆ ಹನ್ನೊಂದು ಚೌಕ, ಹನ್ನೊಂದೂ ಕೆಂಪು. ನಾನು ಹಾಲಿಗೆ ಆವಿ ಬಿಡ್ತಿದ್ದೀನಿ, ಅದು ಬುಸ್ಸ್ ಅಂತಿದೆ, ಅದರ ಮೇಲೇ ಟಿಂಗ್, ಟಿಂಗ್. ಹನ್ನೆರಡು ವರ್ಷ ಕೌಂಟರಲ್ಲಿ ನಿಂತು ಆರ್ಡರ್ ಕೂಗಿದೀಯ, ಒಂದು ದಿನಾನೂ ನಾನು ಆವಿ ಬಿಡೋವಾಗ ಕೂಗಿದವಳಲ್ಲ. ಸದ್ದು ನಿಲ್ಲೋವರೆಗೆ ಚೀಟಿ ಹಿಡ್ಕೊಂಡು ಕಾಯ್ತಿದ್ದೆ. "ಎರಡು ಲಾಟೇ..." ಅಂತ ಎಳೆದ್ರೆ ಗಿರಾಕಿಗೆ ಅವಸರ ಇಲ್ಲ. ತುಂಡು ಮಾಡಿದ್ರೆ ಬಸ್ಸಿಗೆ ಹೊರಟವರು. ಮೆಲ್ಲಗೆ ಕೂಗಿದ್ರೆ ನಾನು ಬಗ್ಗಿ ನೋಡ್ತಿದ್ದೆ, ಯಾರೋ ಅತ್ತುಕೊಂಡು ಬಂದಿದ್ದಾರೆ ಅಂತ. ಪರದೆಗೆ ಅದೆಲ್ಲ ಎಲ್ಲಿಂದ ಬರಬೇಕು.

ಓನರ್‌ಗೆ ಇದು ಅರ್ಥ ಆಗಲ್ಲ. ಕಲ್ಲು ಮನಸ್ಸು ಅವನದು. ಆಪರೇಷನ್ನಿಗೆ ರಜ ಕೇಳಿದವಳಿಗೆ ಕೆಲಸಾನೇ ಇಲ್ಲ ಅಂದನಲ್ಲ. ನಾನೆಷ್ಟು ಹೇಳಿದೆ, ಬೇಡ ಸಾರ್, ಅವಳಿಲ್ಲದೆ ಕೌಂಟರ್ ನಡೆಯಲ್ಲ ಅಂತ... ಯಾಕೆ ಹಾಗೆ ನೋಡ್ತೀಯ? ಹೇಳಿದೆ ಕಣೇ. ಹೇಳಿದೆ... ಆ ಶರ್ಟು ಆಗ್ಲೇ ಮಡಚಿ ಆಗಿತ್ತು. ಮತ್ತೆ ಯಾಕೆ ಬಿಚ್ತೀಯ?

ಅಂದ ಹಾಗೆ, ಕೆಳಗಿನ ಮನೆ ಅಜ್ಜಿ ಮೆಟ್ಟಿಲಲ್ಲಿ ಸಿಕ್ಕಿದ್ರು. ನಿನ್ನ ಹೆಂಡತಿ ದನಿ ಚೆನ್ನಾಗಿ ಬಂದಿದೆಯಪ್ಪ, ಬೆಳಿಗ್ಗೆ ಎಷ್ಟು ಹೊತ್ತು ಮಾತಾಡಿದಳು, ಅಂದ್ರು. ಪಾಪ, ವಯಸ್ಸಾಯ್ತು, ಯಾರನ್ನೋ ನೋಡಿ ನೀನು ಅಂದ್ಕೊಂಡಿದ್ದಾರೆ. ಹದಿನೈದು ದಿನ ಆಗ್ಬೇಕಾದ್ರೆ ಇನ್ನೂ... ಆಪರೇಷನ್ ಆಗಿದ್ದು ಸೋಮವಾರ. ಅದರ ಮುಂದಿನ ಸೋಮವಾರಕ್ಕೆ ಏಳು. ಈ ಸೋಮವಾರಕ್ಕೆ ಹದಿನಾಲ್ಕು. ಇವತ್ತು... ಇವತ್ತು ಗುರುವಾರ.

ಅಂದ್ರೆ ಮೊನ್ನೇನೇ ಮುಗೀತು.

ಮತ್ತೆ ನನ್ನ ಹತ್ರ ಮಾತ್ರ ಯಾಕೆ ಕೈಸನ್ನೆ? ನಿನ್ನೆ ಊಟಕ್ಕೆ ಕೂತಾಗಲೂ ಉಪ್ಪಿನ ಡಬ್ಬಿ ಕಡೆ ಬೆರಳು ತೋರಿಸಿದೆ, ನಾನು ಪೆದ್ದನ ಹಾಗೆ ಎತ್ತಿಕೊಟ್ಟೆ.

ಗೂಟದಲ್ಲಿ ನಿನ್ನ ಏಪ್ರನ್ ಇಲ್ಲ. ಮೊನ್ನೆ ನನಗೆ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ತರಕಾರಿಗೆ ಅಂತ ಹೋದವಳು ಖಾಲಿ ಚೀಲ ತಂದೆಯಲ್ಲ... ಏಪ್ರನ್ ವಾಪಸ್ ಕೊಡೋಕೆ ಅಂಗಡಿಗೆ ಹೋಗಿದ್ಯಾ? ಓನರ್ ಇದ್ದನಾ? ಏನಂದ? ಬಾಯಿ ಮುಚ್ಕೊಂಡಿರೋ ಆಸಾಮಿ ಅಲ್ಲ ಅವನು.

...ಹೇಳಿದನಾ.

ಹೇಳಿರ್ತಾನೆ. ಪರದೆ ಹಾಕಿಸಿ ಅಂದಿದ್ದು ನಿನ್ನ ಗಂಡನೇ ಅಂತ. ಹೂಂ, ನಾನೇ. ನಿನ್ನ ಗಂಟಲಿಗೆ ವಿಶ್ರಾಂತಿ ಸಿಗ್ಲಿ ಅಂತ... ಇಲ್ಲ. ಅದೂ ಸುಳ್ಳು. ಆವತ್ತು ದನಿ ಒಡೆದುಹೋಗಿ ಒಂದೇ ಆರ್ಡರನ್ನ ನಾಲ್ಕು ಸಲ ಕೂಗಿದೆ ನೀನು. ಸಾಲಲ್ಲಿ ಯಾವನೋ ನಿನ್ನ ಹಾಗೇ ಗೊರಗೊರ ಅಂತ ಅಣಕಿಸಿದ, ಎಲ್ಲರೂ ನಕ್ಕರು. ನನಗೆ ನಾಚಿಕೆ ಆಯ್ತು. ಅವರ ಮೇಲೆ ಬರಬೇಕಿದ್ದ ಸಿಟ್ಟು ನಿನ್ನ ಮೇಲೆ ಬಂತು. ನಾನೂ ನಕ್ಕೆ. ನೀನು ನೋಡ್ಲಿಲ್ಲ, ಆ ಕಡೆ ತಿರುಗಿದ್ದೆ... ನೋಡಿದ್ಯಾ?

ಸಂಜೆ ಹೋಗಿ ಹೇಳಿದೆ, ಅವಳ ದನಿ ಕೇಳೋಕಾಗ್ತಿಲ್ಲ ಸಾರ್, ಪರದೆ ಹಾಕಿಸಿಬಿಡಿ ಅಂತ. ಹಾಗಾದ್ರೆ ಅವಳಿಗೇನು ಕೆಲಸ ಉಳಿಯುತ್ತೆ ಅಂತ ಅವನೇ ಕೇಳಿದ. ಕಲ್ಲು ಮನಸ್ಸಿನವನೇ ಕೇಳಿದ. ನಾನು ಕಪ್ಪು ಒರೆಸ್ತಾ ಸುಮ್ಮನಿದ್ದೆ. ಮಾತು ಆಡಿದ್ರೆ ಹೋಯ್ತು ಅಂತಾರೆ. ನಾನು ಆಡದೆಯೂ ಕಳ್ಕೊಂಡೆ.

ಬೈಯಿ. ಕೈಮುಗೀತೀನಿ, ಒಂದು ಸಲ ಬೈಯಿ. ಏನು ಬೇಕಾದ್ರೂ ಅನ್ನು.

ಫೋನು... ನಿಮ್ಮಕ್ಕಂದು. ಕೊಡಿಲ್ಲಿ, ಅವಳು ಇನ್ನೂ ಮಾತಾಡೋ ಹಾಗಿಲ್ಲ ಅಂತ ನಾನೇ ಹೇಳ್ತೀನಿ... ಎಲ್ಲಿಗೆ? ಕೋಣೆ ಒಳಗೆ ಹೋಗಿ ಮಾತಾಡ್ತೀಯಾ? ಸರಿ. ಬಾಗಿಲು ಹಾಕ್ಕೋ, ಪರವಾಗಿಲ್ಲ.

...ಕೇಳಿಸ್ತಿದೆ ಕಣೇ. ಬಾಗಿಲು ಹಾಕಿದ್ರೂ ಒಂದೊಂದು ಅಕ್ಷರಾನೂ ಕೇಳಿಸ್ತಿದೆ. ಒಂಚೂರೂ ಒಡೆದಿಲ್ಲ ನಿನ್ನ ದನಿ, ಮೊದಲಿನ ಹಾಗೇ ಇದೆ. "ಇಲ್ಲಕ್ಕ, ಮನೇಲಿ ಯಾರೂ ಇಲ್ಲ, ಒಬ್ಬಳೇ ಇದ್ದೀನಿ" ಅಂದೆಯಲ್ಲ ಈಗ...

ಅದೂ ಕೇಳಿಸ್ತು.