ವೀಬೆ ಕೊಟ್ಟ ಆರು ಯೂರೋ

ಗ್ರೋನಿಂಗನ್‌ನ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹಿಸ್ಕೆಯ ಮುಂದೆ ಪರಿಚಯವಿಲ್ಲದ, ಕಪ್ಪು ಕೋಟಿನ ಇಬ್ಬರು ಗೆಳತಿಯರು ನಿಂತಿದ್ದರು. ಒಬ್ಬಳ ಕೈಯಲ್ಲಿ ಪುಷ್ಪಚಕ್ರ. ಅವರ ಮಾತು ಕೇಳಬಾರದೆಂದುಕೊಂಡರೂ ಹಿಸ್ಕೆಯ ಕಿವಿ ಅತ್ತಲೇ ಇತ್ತು.

“ಆಸ್ಪತ್ರೆಗೆ ಒಯ್ದ ಹೂವಿನ ದುಡ್ಡನ್ನ ವೀಬೆ ಹತ್ರಾನೂ ಕೇಳ್ಬಿಟ್ಯಲ್ಲೇ!”

“ಬೇಕಂತ ಮಾಡಿದ್ದಲ್ಲ ಕಣೇ. ಗುಂಪಲ್ಲಿ ಅವನೂ ಸೇರಿ ಐದು ಜನ. ಮೊಬೈಲಲ್ಲಿ ಒತ್ತಿದೆ, ದುಡ್ಡು ಕೇಳೋ ಮೆಸೇಜು ಐದು ಪಾಲಾಗಿ ಎಲ್ರಿಗೂ ಹೋಯ್ತು.”

“ಹೂವು ತಂದಿದ್ದೇ ಅವನಿಗೆ!”

“ಗೊತ್ತು ಮಾರಾಯ್ತಿ. ನಾನು ನೋಡೋಷ್ಟರಲ್ಲಿ ಆರು ಯೂರೋ ಕಳ್ಸಿಬಿಟ್ಟಿದ್ದ.”

“ಬೈಲಿಲ್ವಾ?”

“‘ಹೂವು ಚೆನ್ನಾಗಿದೆ’ ಅಂತ ಬರೆದಿದ್ದ. ಭಾನುವಾರ ಹೋಗಿ ವಾಪಸ್ ಕೊಟ್ಟು, ಇಬ್ರೂ ನಕ್ಕುಬಿಡೋಣ ಅಂದ್ಕೊಂಡಿದ್ದೆ.”

“ಶನಿವಾರಾನೇ ಹೋಗ್ಬಿಟ್ನಲ್ಲ.”

ಬಸ್ಸು ಬಂತು.

“ಈ ಹೂವಿಗೆ ನನ್ನ ಪಾಲೆಷ್ಟು?”

“ಯಾರೂ ಕೊಡ್ಬೇಡಿ. ಇದಾದ್ರೂ ಅವನಿಗೆ ಪುಕ್ಕಟೆ ಸಿಗ್ಲಿ,” ಎಂದವಳು ಪುಷ್ಪಚಕ್ರವನ್ನು ಎದೆಗವಚಿಕೊಂಡು ಬಸ್ಸು ಹತ್ತಿದಳು.